ಎರಡನೇ ಶನಿವಾರ, ನಾಲ್ಕನೇ ಶನಿವಾರ: ವರ್ಗವಾಗಿ ಪುಣೆಗೆ ಹೋದವರೊಬ್ಬರ ಪ್ರಕರಣ

ನಾನು ಧಾರವಾಡದಲ್ಲಿ ಆಪ್ತಸಮಾಲೋಚಕಿ. ಇದು ನನ್ನ ಬಳಿ ಬಂದವರೊಬ್ಬರ ಪ್ರಕರಣ. ಅವರೇ ಓದಿ, ಒಂದೆರಡು ಕಡೆ ತಿದ್ದಿ, ಒಪ್ಪಿಗೆ ಕೊಟ್ಟ ಮೇಲೆ ಹಂಚಿಕೊಳ್ಳುತ್ತಿದ್ದೇನೆ. ಅವರನ್ನು ಇಲ್ಲಿ ಸರಿತಾ ಎಂದು ಕರೆಯುತ್ತೇನೆ. ಬ್ಯಾಂಕು ಯಾವುದು, ಪುಣೆಯ ಯಾವ ಬಡಾವಣೆ ಎಂಬುದನ್ನು ಬಿಟ್ಟಿದ್ದೇನೆ. ಮನೆಯವರ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹೊಸ ಊರಿಗೆ ಹೋಗಿ ಜನ ಸಿಗದೆ ಒದ್ದಾಡುವುದೆಂದರೆ ಮೊದಲ ನೌಕರಿ ಹಿಡಿದ ಹುಡುಗ ಹುಡುಗಿಯರ ಪಾಡು ಎಂದುಕೊಂಡವರು ಬಹಳ. ನಲವತ್ತು ದಾಟಿದ ಮೇಲೆ ವರ್ಗವಾದವರ ಪಾಡು ಬೇರೆಯೇ ಇದೆ. ಅವರಿಗೆ ಅದನ್ನು ಬಾಯಿಬಿಟ್ಟು ಹೇಳಲೂ ನಾಚಿಕೆ. "ಈ ವಯಸ್ಸಿನಾಗ ಗೆಳತ್ಯಾರು ಇಲ್ಲಂತ ಅಳೋದೇನ್ರೀ ಮೇಡಂ?" ಎಂದು ಸರಿತಾ ಮೊದಲ ದಿನವೇ ಕೇಳಿದ್ದರು.

ಹಿನ್ನೆಲೆ

ಸರಿತಾಗೆ ಆಗ 43. ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದು, ಸರ್ಕಾರಿ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ಸೇರಿ, ಪರೀಕ್ಷೆ ಬರೆದು ಅಧಿಕಾರಿಯಾದವರು. ಸ್ಕೇಲ್ ಮೂರಕ್ಕೆ, ಅಂದರೆ ಸೀನಿಯರ್ ಮ್ಯಾನೇಜರ್ ಹುದ್ದೆಗೆ, ಪ್ರಮೋಷನ್ ಬಂತು, ಬೆನ್ನಿಗೇ ಪುಣೆಗೆ ವರ್ಗದ ಆದೇಶವೂ ಬಂತು. ಬ್ಯಾಂಕಿನವರಿಗೆ ಈ ಲೆಕ್ಕ ಗೊತ್ತೇ ಇದೆ: ಪ್ರಮೋಷನ್ ಬೇಕೆಂದರೆ ಊರು ಬಿಡಬೇಕು, ಊರು ಬೇಕೆಂದರೆ ಪ್ರಮೋಷನ್ ಬಿಡಬೇಕು. ಗಂಡ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಉಪನ್ಯಾಸಕರು. ಮಗಳು ಎಸ್ಸೆಸ್ಸೆಲ್ಸಿಗೆ ಕಾಲಿಡುವ ವರ್ಷ. ಅತ್ತೆಗೆ ಮಂಡಿನೋವು. ಮೂವರನ್ನೂ ಕಿತ್ತು ಒಯ್ಯುವುದು ಬೇಡವೆಂದು ಸರಿತಾ ಒಬ್ಬರೇ ಜೂನ್‌ನಲ್ಲಿ ಹೊರಟರು. ಪುಣೆಯಲ್ಲಿ ಒಂದು ಹೌಸಿಂಗ್ ಸೊಸೈಟಿಯ ಮೂರನೇ ಮಹಡಿಯಲ್ಲಿ ಒಂದು ಬೆಡ್‌ರೂಮಿನ ಮನೆ ಹಿಡಿದರು.

ಹುಬ್ಬಳ್ಳಿಯಿಂದ ಪುಣೆ ದೂರವೇನಲ್ಲ ಎಂದೇ ಎಲ್ಲರೂ ಹೇಳಿದ್ದರು. ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಕರಾಡ, ಸಾತಾರಾ ದಾಟಿದರೆ ಪುಣೆ; 430 ಕಿಲೋಮೀಟರಿನ ಆಸುಪಾಸು. ರಾತ್ರಿ ಸ್ಲೀಪರ್ ಬಸ್ಸು ಹತ್ತಿದರೆ ಬೆಳಗಾಗುವಾಗ ಮನೆ. 2015ರ ಸೆಪ್ಟೆಂಬರ್ 1ರಿಂದ ಬ್ಯಾಂಕುಗಳಿಗೆ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಉಳಿದ ಶನಿವಾರ ಪೂರ್ತಿ ಕೆಲಸ. ಹಾಗಾಗಿ ಸರಿತಾರ ತಿಂಗಳು ತಾನಾಗಿಯೇ ಒಂದು ಅಚ್ಚಿಗೆ ಬಿತ್ತು. ಎರಡನೇ, ನಾಲ್ಕನೇ ಶನಿವಾರಕ್ಕೆ ಶುಕ್ರವಾರ ರಾತ್ರಿಯ ಬಸ್ಸು ಹತ್ತಿ ಹುಬ್ಬಳ್ಳಿ, ಭಾನುವಾರ ರಾತ್ರಿ ಮತ್ತೆ ಬಸ್ಸು. ಮಿಕ್ಕ ಭಾನುವಾರಗಳು ಬಟ್ಟೆ ಒಗೆಯಲು, ನಿದ್ದೆ ತೀರಿಸಲು.

ಈ ವೇಳಾಪಟ್ಟಿಯಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಒಳ್ಳೆಯ ತಾಯಿ, ಒಳ್ಳೆಯ ಸೊಸೆ ಮಾಡಬೇಕಾದ್ದನ್ನೇ ಅವರು ಮಾಡುತ್ತಿದ್ದರು. ನನ್ನ ಮಟ್ಟಿಗೆ ಈ ಪ್ರಕರಣದ ಗಂಟು ಇದ್ದದ್ದೇ ಇಲ್ಲಿ. ಆದರೆ ಅದು ಕಣ್ಣಿಗೆ ಬೀಳಲು ತಿಂಗಳುಗಳೇ ಹಿಡಿದವು.

ಜ್ವರ, ಒಂದು ಫಾರಂ

ಸೆಪ್ಟೆಂಬರ್ ಕೊನೆಗೆ ಸರಿತಾಗೆ ಜ್ವರ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಪುಣೆಯಲ್ಲಿ ಡೆಂಗಿ ಸಾಮಾನ್ಯ. ಮೂರನೇ ದಿನ ತಾವೇ ಆಟೊ ಹಿಡಿದು ಆಸ್ಪತ್ರೆಗೆ ಹೋದರು. ಪ್ಲೇಟ್ಲೆಟ್ ಕಡಿಮೆ ಇದೆ, ಎರಡು ದಿನ ಅಡ್ಮಿಟ್ ಆಗಿ ಎಂದರು. ಕೌಂಟರಿನ ಹುಡುಗಿ ಫಾರಂ ಕೊಟ್ಟಳು. ತುರ್ತು ಸಂಪರ್ಕದ ಕಾಲಮ್ಮಿನಲ್ಲಿ ಸರಿತಾ ಗಂಡನ ನಂಬರು ಬರೆದರು. ಅವಳು ಅದನ್ನು ನೋಡಿ, "ಮ್ಯಾಡಮ್, ಪುಣೆಯಲ್ಲಿರುವ ಯಾರದಾದರೂ ಬರೆಯಿರಿ" ಎಂದು ಫಾರಂ ವಾಪಸ್ಸು ತಳ್ಳಿದಳು. ಸರಿತಾ ಸ್ವಲ್ಪ ಹೊತ್ತು ಪೆನ್ನು ಹಿಡಿದು ನಿಂತು, ಕೊನೆಗೆ ಬ್ರಾಂಚಿನ ಲ್ಯಾಂಡ್‌ಲೈನ್ ನಂಬರು ಬರೆದರು.

ಜ್ವರ ಇಳಿಯಿತು. ಗಂಡ ಬಂದು ಎರಡು ದಿನ ಇದ್ದು ಹೋದರು. ಆಮೇಲೆಯೇ ಅವರು ನನಗೆ ಫೋನ್ ಮಾಡಿದ್ದು. ವಿಡಿಯೊ ಕಾಲ್‌ನಲ್ಲಿ ಮಾತು ಶುರುವಾಯಿತು. ಮೊದಲು ಖಿನ್ನತೆ ಇದೆಯೇ ಎಂದು ನೋಡಿದೆ. ನಿದ್ದೆ, ಊಟ, ಕೆಲಸದ ಮೇಲಿನ ಗಮನ ಸರಿಯಿದ್ದವು. ಸಾಯಬೇಕೆನ್ನುವ ಯೋಚನೆ ಇರಲಿಲ್ಲ. ಇವುಗಳಲ್ಲಿ ಏನಾದರೂ ಕೆಟ್ಟಿದ್ದರೆ ಮೊದಲು ಮನೋವೈದ್ಯರ ಬಳಿ ಕಳಿಸುತ್ತಿದ್ದೆ, 14416ರ ಟೆಲಿ-ಮಾನಸ್ ಸಹಾಯವಾಣಿಯ ನಂಬರನ್ನೂ ಕೊಡುತ್ತಿದ್ದೆ. (ಅಲ್ಲಿ ಕನ್ನಡದಲ್ಲೂ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.) ಸರಿತಾಗೆ ಇದ್ದದ್ದು ಬರೀ ಒಂಟಿತನ. ಅದು ರೋಗವಲ್ಲ. ಹಾಗಂತ ಅದನ್ನು ಸಣ್ಣದೆಂದು ತಳ್ಳಿಹಾಕುವಂತೆಯೂ ಇರಲಿಲ್ಲ.

ಅಷ್ಟರಲ್ಲಿ ಬ್ಯಾಂಕಿನ ವಾಟ್ಸಾಪ್ ಗುಂಪಿನಲ್ಲಿ ಅವರಿಗೊಂದು ಫಾರ್ವರ್ಡ್ ಬಂದಿತ್ತು. ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ವೈದ್ಯರು) ಆಗಿದ್ದಾಗ, 2023ರಲ್ಲಿ ಒಂಟಿತನದ ಬಗ್ಗೆ ಅಧಿಕೃತ ಎಚ್ಚರಿಕೆ ಹೊರಡಿಸಿದ್ದರು. ಜನರ ಒಡನಾಟವಿಲ್ಲದೆ ಬದುಕುವುದು ದಿನಕ್ಕೆ 15 ಸಿಗರೇಟ್ ಸೇದಿದಷ್ಟು ಆಯುಷ್ಯಕ್ಕೆ ಅಪಾಯ ಎಂಬ ಹೋಲಿಕೆ ಅದರಲ್ಲಿ ಬರುತ್ತದೆ. ಮಾತು ಸರಿಯಾದದ್ದೇ. ಆದರೆ ಸರಿತಾಗೆ ಅದು ಮಾಡಿದ್ದು ಬರೀ ಗಾಬರಿ. ಒಂದೇ ವಾರದಲ್ಲಿ ಎರಡು ಆ್ಯಪ್ ಹಾಕಿಕೊಂಡರು, ಒಂದು ಟ್ರೆಕ್ಕಿಂಗ್ ಗುಂಪಿಗೆ ದುಡ್ಡು ಕಟ್ಟಿದರು. ಹೆದರಿಸಿದರೆ ಜನ ಓಡುತ್ತಾರೆ, ಯಾವ ಕಡೆ ಎಂದು ನೋಡುವುದಿಲ್ಲ.

ಮಾಡಿ ನೋಡಿದ್ದು

ಟ್ರೆಕ್ಕಿಂಗ್ ಸಿಂಹಗಡಕ್ಕೆ. ಹತ್ತಿದ್ದಾಯಿತು, ಮೇಲೆ ಪಿಠಲಾ-ಭಾಕರಿ ತಿಂದದ್ದಾಯಿತು, ಮಡಕೆಯ ಮೊಸರೂ ಆಯಿತು. ಬಂದವರೆಲ್ಲ ಐಟಿಯ ಇಪ್ಪತ್ತೈದರ ಹುಡುಗ ಹುಡುಗಿಯರು. ಒಬ್ಬಳು "ಆಂಟಿ, ನಿಮ್ಮ ಬ್ಯಾಗ್ ಕೊಡಿ" ಎಂದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಮುಂದಿನ ತಿಂಗಳ ಟ್ರೆಕ್ಕಿಗೆ ಬೇರೆಯದೇ ತಂಡ ಬರುತ್ತದೆ ಎಂದು ಗೊತ್ತಾದ ಮೇಲೆ ಅದು ಅಲ್ಲಿಗೇ ನಿಂತಿತು.

ಬ್ರಾಂಚಿನಲ್ಲಿ ಜನರಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿ ಒಟ್ಟಿಗೆ ಊಟ ಮಾಡುತ್ತಿದ್ದರು. ಆದರೆ ಸರಿತಾ ಅಲ್ಲಿ ಸೀನಿಯರ್ ಮ್ಯಾನೇಜರು. ಅವರು ಬಂದು ಕೂತರೆ ಮಾತಿನ ದಾರಿ ಬದಲಾಗುತ್ತಿತ್ತು. ರಜೆ ಮಂಜೂರು ಮಾಡುವವರ ಮುಂದೆ ಮನಸ್ಸು ಬಿಚ್ಚುವವರು ಕಡಿಮೆ. ಹುಬ್ಬಳ್ಳಿಯಲ್ಲಿ ಅವರ ಗೆಳತಿಯರಲ್ಲಿ ಅರ್ಧ ಜನ ಬ್ಯಾಂಕಿನವರೇ, ಆದರೆ ಅವರೆಲ್ಲ ಕೌಂಟರಿನಲ್ಲಿ ಅಕ್ಕಪಕ್ಕ ಕೂತ ಕಾಲದವರು. ಪ್ರಮೋಷನ್ನಿನ ಬೆಲೆಯಲ್ಲಿ ಇದೂ ಸೇರಿತ್ತು ಎಂದು ಅವರಿಗೆ ಪುಣೆಯಲ್ಲಿ ತಿಳಿಯಿತು.

ನವೆಂಬರ್‌ನಲ್ಲಿ ಒಂದು ಕನ್ನಡ ಬಳಗದ ರಾಜ್ಯೋತ್ಸವಕ್ಕೆ ಹೋದರು. ಹಾಡು, ಕೋಲಾಟ, ಭಾಷಣ, ಬಿಸಿಬೇಳೆ ಭಾತು. ಕನ್ನಡ ಕಿವಿಗೆ ಬಿದ್ದು ಕಣ್ಣು ತುಂಬಿತು ಎಂದರು. ನಾಲ್ಕಾರು ಜನರ ನಂಬರು ತಗೊಂಡರು. ಒಬ್ಬರಿಗೆ ಮೆಸೇಜ್ ಹಾಕಿದರು, ಕೈ ಮುಗಿದ ಚಿತ್ರ ಉತ್ತರವಾಗಿ ಬಂತು. ಬಳಗದವರ ತಪ್ಪೇನೂ ಇಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ನೂರಾರು ಜನ ಸೇರುವ ಕಡೆ ಪರಿಚಯ ಆಗುತ್ತದೆ, ಮುಂದಕ್ಕೆ ಹೋಗಲು ದಿನಗಳೇ ಇರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಆಸೆ ಇಟ್ಟದ್ದು ಅದೇ ಸೊಸೈಟಿಯ ಒಬ್ಬ ಹೆಂಗಸಿನ ಮೇಲೆ. ಹೆಚ್ಚೂ ಕಡಿಮೆ ಅದೇ ವಯಸ್ಸು, ತವರು ಧಾರವಾಡದ ಕಡೆ, ಮನೆಮಾತು ಕನ್ನಡ. ಇದಕ್ಕಿಂತ ಇನ್ನೇನು ಬೇಕು? ಒಂದು ಸಂಜೆ ಚಹಾಕ್ಕೆ ಕರೆದರು, ಇವರೂ ಕರೆದರು. ಧಾರವಾಡದ ಮಳೆ, ಲೈನ್ ಬಜಾರಿನ ಪೇಡೆ, ಹಳೆಯ ಮೇಷ್ಟ್ರುಗಳು, ಎಲ್ಲ ಮಾತಾಡಿದರು. ಮೂರನೇ ಸಲಕ್ಕೆ ಮಾತು ತೀರಿತ್ತು. ಆಕೆ ಪುಣೆಗೆ ಬಂದು ಇಪ್ಪತ್ತು ವರ್ಷ. ನಾದಿನಿಯರು, ಮಕ್ಕಳ ಶಾಲೆಯ ತಾಯಂದಿರು, ಭಿಶಿ (ಚೀಟಿ) ಗುಂಪು, ಹೀಗೆ ಅವರ ವಾರ ತುಂಬಿ ತುಳುಕುತ್ತಿತ್ತು. "ಬರ್ರೀ ಒಮ್ಮೆ" ಎನ್ನುವುದು ನಿಲ್ಲಲಿಲ್ಲ, ಯಾವತ್ತು ಎಂಬ ಮಾತು ಬರಲಿಲ್ಲ. ಸರಿತಾ ಇದನ್ನು ತಿರಸ್ಕಾರ ಎಂದೇ ತಿಳಿದು ಒಂದು ವಾರ ಕುಗ್ಗಿದ್ದರು.

ನನಗೆ ಇದು ಮುಖ್ಯ ಅನಿಸಿತು, ಏಕೆಂದರೆ ನಾವು ಹುಡುಕುವಾಗ ನಮ್ಮಂಥವರನ್ನು ಹುಡುಕುತ್ತೇವೆ: ನಮ್ಮ ಭಾಷೆ, ನಮ್ಮ ವಯಸ್ಸು, ನಮ್ಮ ಊರು. ಅವರ ಬದುಕಿನಲ್ಲಿ ಜಾಗ ಖಾಲಿ ಇದೆಯೇ ಎಂದು ನೋಡುವುದಿಲ್ಲ. ಹೊಸದಾಗಿ ಬಂದವರು, ನಿವೃತ್ತರಾದವರು, ಮಕ್ಕಳು ಊರು ಬಿಟ್ಟವರು, ಇವರ ಬಳಿ ಜಾಗ ಇರುತ್ತದೆ. ವಯಸ್ಸು, ಭಾಷೆ ಹೊಂದದೇ ಇರಬಹುದು. ಸರಿತಾಗೆ ಇದನ್ನು ಹೇಳಿದಾಗ ನಕ್ಕರು. "ಅಂದ್ರ ಖಾಲಿ ಸೀಟ್ ಇರೋ ಬಸ್ಸೇ ಹತ್ರಿ ಅಂತೀರಿ."

ಒಂದು ಶನಿವಾರ ಬಿಟ್ಟದ್ದು

ನಾನು ಅವರ ತಿಂಗಳನ್ನು ಕಾಗದದ ಮೇಲೆ ಬರೆಯಲು ಹೇಳಿದೆ. ಬರೆದಾಗ ಕಂಡದ್ದು: ಪುಣೆಯಲ್ಲಿ ಎಚ್ಚರವಾಗಿ, ಕೆಲಸವಿಲ್ಲದೆ, ದಣಿವಿಲ್ಲದೆ ಇದ್ದ ಒಂದು ಪೂರ್ತಿ ದಿನವೂ ಇರಲಿಲ್ಲ. ಎರಡು ವಾರಾಂತ್ಯ ಹುಬ್ಬಳ್ಳಿಗೆ ಹೋಗುತ್ತಿದ್ದವು. ಬಸ್ಸಿನಿಂದ ಇಳಿದ ಸೋಮವಾರ ಮಂಗಳವಾರ ಮೈ ಭಾರ. ಹೊರಡುವ ಗುರುವಾರ ಶುಕ್ರವಾರ ಬ್ಯಾಗು, ಮಗಳ ಸಾಮಾನು. ಯಾರಾದರೂ "ಭಾನುವಾರ ಬನ್ನಿ" ಎಂದರೆ, "ಊರಿಗೆ ಹೋಗ್ತಿದೀನಿ" ಎನ್ನುವುದೇ ಉತ್ತರ. ಸೊಸೈಟಿಯ ಹೆಂಗಸರು ಎರಡು ಸಲ ಕರೆದು ಮೂರನೇ ಸಲ ಕರೆಯುವುದನ್ನೇ ಬಿಟ್ಟಿದ್ದರು. ಅವರ ಪಾಲಿಗೆ ಈಕೆ ಪುಣೆಯಲ್ಲಿ ಮಲಗಿ ಏಳುವ ಹುಬ್ಬಳ್ಳಿಯವರು.

ಆಗ ಎರಡು ದಾರಿಗಳನ್ನು ಮಾತಾಡಿದೆವು. ಒಂದು, ಹೀಗೇ ಮೂರು ವರ್ಷ ಹಲ್ಲು ಕಚ್ಚಿ ಕಳೆದು ವಾಪಸ್ಸು ವರ್ಗ ಕೇಳುವುದು. ಇದೂ ಗೌರವದ ದಾರಿಯೇ. ಬಹಳ ಜನ ಆರಿಸಿಕೊಳ್ಳುತ್ತಾರೆ, ಕೆಲವರಿಗೆ ಅದೇ ಸರಿ. ಇನ್ನೊಂದು, ತಿಂಗಳಿಗೆ ಒಂದು ಪ್ರಯಾಣ ಕೈಬಿಡುವುದು. ನಿರ್ಧಾರ ಅವರದೇ. ಹತ್ತು ದಿನ ಯೋಚಿಸಿ ನಾಲ್ಕನೇ ಶನಿವಾರ ಬಿಡುತ್ತೇನೆ ಎಂದರು.

ಮನೆಯಲ್ಲಿ ಇದು ಸುಲಭಕ್ಕೆ ದಾಟಲಿಲ್ಲ. ಗಂಡ ಫೋನಿನಲ್ಲಿ ಹೇಳಿದ್ದನ್ನು ಸರಿತಾ ನನಗೆ ಹಾಗೇ ಒಪ್ಪಿಸಿದರು: "ನೀ ಈ ವಾರ ಬರಂಗಿಲ್ಲ ಅಂದ್ರ ಮಗಳಿಗೆ ಏನಂತ ಹೇಳ್ಲಿ? ನಿಮ್ಮವ್ವ ಅಲ್ಲಿ ಗೆಳತ್ಯಾರನ್ನ ಹುಡುಕಾಕ ಹತ್ಯಾಳ ಅಂತ ಹೇಳ್ಲೇನು?" ಮಾತು ಚುಚ್ಚುವಂಥದ್ದು. ಆದರೆ ಅವರ ಕಡೆಯೂ ನ್ಯಾಯವಿತ್ತು. ಮನೆ, ಅಮ್ಮ, ಮಗಳ ಟ್ಯೂಷನ್ ಎಲ್ಲವೂ ಅವರ ತಲೆಯ ಮೇಲಿತ್ತು. ಆ ಎರಡು ದಿನಗಳು ಅವರಿಗೂ ಬಿಡುವು. ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿ ಒಮ್ಮೆ ಮಾತಾಡಿದೆ. ನಾಲ್ಕನೇ ಶನಿವಾರಕ್ಕೆ ಅಡುಗೆಗೆ ಒಬ್ಬರನ್ನು ಗೊತ್ತು ಮಾಡುವುದು, ಖರ್ಚು ಸರಿತಾರದು, ಎಂದು ತೀರ್ಮಾನವಾಯಿತು. ಬಸ್ಸಿನ ದುಡ್ಡು ಹೇಗೂ ಉಳಿಯುತ್ತಿತ್ತು.

ಮಗಳ ಮಾತು ಯಾರೂ ಎಣಿಸದ್ದು. ಬೇಜಾರಾಗುತ್ತಾಳೆ ಎಂದು ತಾಯಿ ಹಿಂಜರಿದು ಹೇಳಿದರೆ, "ಅವ್ವಾ, ನೀ ಬಂದಾಗೆಲ್ಲಾ ಬರೇ ಮಲಗಿರತಿದ್ದಿ. ಒಂದ್ ಸಲ ಬಾ, ಆದ್ರ ಎಚ್ಚರಿರು" ಎಂದಳಂತೆ.

ಟೇಕಡಿ

ಪುಣೆಯ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಊರೊಳಗೇ ಗುಡ್ಡಗಳಿವೆ: ಪರ್ವತಿ, ತಳಜಾಈ, ಹನುಮಾನ್ ಟೇಕಡಿ, ವೇತಾಳ ಟೇಕಡಿ. ಬೆಳಗಿನ ಜಾವ ಜನ ಅವನ್ನು ಹತ್ತಿ ಇಳಿಯುತ್ತಾರೆ. ಇದು ಬರೀ ವ್ಯಾಯಾಮವಲ್ಲ. ಈ ಗುಡ್ಡಗಳನ್ನು ಕಟ್ಟಡ, ರಸ್ತೆಗಳಿಂದ ಉಳಿಸಲು ಪುಣೆಯವರು ವರ್ಷಗಳಿಂದ ಜಗಳ ಮಾಡಿಕೊಂಡು ಬಂದಿದ್ದಾರೆ, ಸಸಿ ನೆಟ್ಟು ಬೇಸಿಗೆಯಲ್ಲಿ ಕೆಳಗಿನಿಂದ ನೀರು ಹೊತ್ತು ಹಾಕುತ್ತಾರೆ. ಸರಿತಾರ ಮನೆಯಿಂದ ಹತ್ತು ನಿಮಿಷಕ್ಕೆ ಅಂಥದೊಂದು ಟೇಕಡಿ ಇತ್ತು. ಯಾವುದು ಎಂದು ಹೇಳುವುದಿಲ್ಲ.

ನಾನು ಕೇಳಿಕೊಂಡದ್ದು ಇಷ್ಟೇ: ವಾರಕ್ಕೆ ಐದು ದಿನ, ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ಹತ್ತಿ. ಯಾರನ್ನೂ ಮಾತಾಡಿಸಲೇಬೇಕು ಎಂದೇನಿಲ್ಲ. ಕಿವಿಗೆ ಇಯರ್‌ಫೋನ್ ಮಾತ್ರ ಬೇಡ. ಡಿಸೆಂಬರ್ ಮೊದಲ ವಾರ ಶುರುವಾಯಿತು.

ಆ ಹೊತ್ತಿಗೆ ಅವರಿಗೆ ಒಂದು ಲೆಕ್ಕವನ್ನೂ ಹೇಳಿದ್ದೆ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬ ಸಂಶೋಧಕರು 2018ರಲ್ಲಿ ಹೊರತಂದ ಅಧ್ಯಯನ ಅದು. ಆಗಷ್ಟೇ ಹೊಸ ಊರಿಗೆ ಬಂದವರನ್ನೂ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ಕೇಳಿ ನೋಡಿದಾಗ, ಬರೀ ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆಯ ಒಡನಾಟ, ಗೆಳೆತನ ಎನ್ನಿಸಲು 90 ಗಂಟೆ, ಆಪ್ತ ಗೆಳೆತನಕ್ಕೆ 200 ಗಂಟೆಗೂ ಮೇಲೆ ಬೇಕು ಎಂದು ಕಂಡಿತು. ಒಟ್ಟಿಗೆ ದುಡಿದ ಗಂಟೆಗಳಿಗೆ ಅಷ್ಟು ಬೆಲೆ ಬರುವುದಿಲ್ಲ ಎಂದೂ ಕಂಡಿತು. ಇದು ಅಮೆರಿಕದ ಲೆಕ್ಕ, ನಮ್ಮ ಓಣಿಗಳಿಗೆ ಹಾಗೇ ಹೊಂದಬೇಕಿಲ್ಲ. ಆದರೆ ಬ್ಯಾಂಕಿನವರಿಗೆ ಅಂಕಿ ಎಂದರೆ ಸಮಾಧಾನ. ಅವರೇ ಭಾಗಿಸಿದರು: ದಿನಕ್ಕೆ 40 ನಿಮಿಷ, ಐದು ದಿನ, ವಾರಕ್ಕೆ 3 ಗಂಟೆ 20 ನಿಮಿಷ. 50 ಗಂಟೆಗೆ 15 ವಾರ, 200ಕ್ಕೆ 60. "ಅಂದ್ರ ಇನ್ನೂ ನಾನು ಫೇಲ್ ಆಗಿಲ್ಲ, ಟೈಮ್ ಆಗಿಲ್ಲ ಅಷ್ಟ" ಎಂದರು. ಸಿಗರೇಟಿನ ಲೆಕ್ಕ ಮಾಡದ ಕೆಲಸವನ್ನು ಈ ಲೆಕ್ಕ ಮಾಡಿತು.

ಮೊದಲ ವಾರಗಳಲ್ಲಿ ಏನೂ ಆಗಲಿಲ್ಲ. ಮುಖಗಳು ಗುರುತಾದವು, ತಲೆ ಆಡಿಸುವುದು ಶುರುವಾಯಿತು. ಮೇಲೆ ಒಂದು ಬಂಡೆಯ ಹತ್ತಿರ ಆರೇಳು ಜನ ಹೆಂಗಸರು, ಒಬ್ಬಿಬ್ಬರು ಮುದುಕರು ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು. ಸರಿತಾ ಅವರನ್ನು ದಾಟಿ ಹೋಗುತ್ತಿದ್ದರು. ಹಿಂದಿ ಸಲೀಸು, ಮರಾಠಿ ಅರ್ಥವಾಗುತ್ತದೆ, ಆಡಲು ಸಂಕೋಚ.

ಜನವರಿಯಲ್ಲಿ ಎರಡು ಪ್ರಸಂಗ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಅಲ್ಲಿ ಮನೆಮನೆಯಲ್ಲಿ ಹಳದಿ-ಕುಂಕುಮ. ಸೊಸೈಟಿಯ ಒಂದು ಮನೆಗೆ ಹೋದರು. ತಿಳಗೂಳ (ಎಳ್ಳುಬೆಲ್ಲ) ಕೊಟ್ಟರು, ಸ್ಟೀಲಿನ ಬಟ್ಟಲು ವಾಣವಾಗಿ, ಅಂದರೆ ಉಡುಗೊರೆಯಾಗಿ, ಕೊಟ್ಟರು, ಜೊತೆಗೆ ಪ್ರಶ್ನೆಗಳನ್ನೂ ಕೊಟ್ಟರು. ಗಂಡ ಅಲ್ಲಿ, ಮಗಳು ಅಲ್ಲಿ, ನೀವೊಬ್ಬರೇ ಇಲ್ಲಿ? ಮಗಳ ಹತ್ತನೇ ಕ್ಲಾಸಿನ ವರ್ಷ? ಸರಿತಾ ಹತ್ತು ನಿಮಿಷದಲ್ಲಿ ಎದ್ದು ಬಂದರು. ಆಮೇಲೆ ಎರಡು ದಿನ ಟೇಕಡಿಗೂ ಹೋಗಲಿಲ್ಲ. ಮೂರನೇ ದಿನ ಹತ್ತಿದಾಗ ಬಂಡೆಯ ಮೇಲಿದ್ದ ಹಿರಿಯ ಹೆಂಗಸೊಬ್ಬರು ಕೈ ಅಡ್ಡ ಹಿಡಿದರು. "ಕಾಲ್ ದಿಸಲ್ಯಾ ನಾಹೀತ್? ಪರವಾ ಪಣ ನಾಹೀ?" ನಿನ್ನೆ ಕಾಣಲಿಲ್ಲ, ಮೊನ್ನೆಯೂ ಇಲ್ಲ.

ಸರಿತಾ ಅವತ್ತೇ ನನಗೆ ವಾಯ್ಸ್ ಮೆಸೇಜ್ ಕಳಿಸಿದರು. ಪುಣೆಗೆ ಬಂದು ಏಳು ತಿಂಗಳಿಗೆ, ತಾನು ಇಲ್ಲದ್ದು ಮೊದಲ ಸಲ ಯಾರಿಗೋ ಗೊತ್ತಾಗಿತ್ತು. ಹೆಸರು ಕೂಡ ತಿಳಿಯದವರಿಗೆ.

ಆಕೆಯನ್ನು ಎಲ್ಲರೂ ಕಾಕೂ ಎನ್ನುತ್ತಿದ್ದರು. ಮುನ್ಸಿಪಾಲ್ಟಿ ಶಾಲೆಯಲ್ಲಿ ಟೀಚರಾಗಿ ನಿವೃತ್ತರಾದವರು, ಮಗ ಹೊರದೇಶದಲ್ಲಿ. ನಾನು ಹೇಳಿದ ಖಾಲಿ ಜಾಗ ಅಲ್ಲಿತ್ತು.

ಪೇಡೆ ಮತ್ತು ಬಾಟಲಿ

ಇನ್ನು ಮುಂದೆ ಹೂವಿನ ದಾರಿ ಎಂದು ನಾನೂ ಎಣಿಸಿದ್ದೆ. ಹಾಗಾಗಲಿಲ್ಲ. ಸರಿತಾ ಪ್ರತಿ ಸಲ ಊರಿಂದ ಬರುವಾಗ ಧಾರವಾಡ ಪೇಡೆ, ಗೋಕಾಕದ ಕರದಂಟು, ಮನೆಯಲ್ಲಿ ಮಾಡಿದ ಶೇಂಗಾ ಹೋಳಿಗೆ ತಂದು ಬಂಡೆಯ ಮೇಲೆ ಹಂಚಿದರು. ಎಲ್ಲರೂ ಹೊಗಳಿ ತಿಂದರು, ಡಬ್ಬಿ ತೊಳೆದು ವಾಪಸ್ಸು ಕೊಟ್ಟರು. ಅವರ ಪಾಲಿಗೆ ಸರಿತಾ ಊರಿಂದ ಸಿಹಿ ತರುವ ಬ್ಯಾಂಕಿನ ಮ್ಯಾಡಮ್ ಆದರು. ಮರ್ಯಾದೆ ಹೆಚ್ಚಿತು, ಸಲುಗೆ ಹೆಚ್ಚಲಿಲ್ಲ. ಕೊಡುತ್ತಲೇ ಇರುವವರು ನೆಂಟರ ಹಾಗೆ. ನೆಂಟರ ಮುಂದೆ ಯಾರೂ ಕಾಲು ಚಾಚಿ ಕೂರುವುದಿಲ್ಲ.

ಬದಲಾದದ್ದು ಫೆಬ್ರವರಿ ಕೊನೆಗೆ, ಬಿಸಿಲು ಏರಿದಾಗ. ಬೆಳಿಗ್ಗೆ ಟೇಕಡಿಯ ಬುಡದಲ್ಲಿ ಒಬ್ಬ ಅಜ್ಜ ಎರಡು ಲೀಟರಿನ ಹಳೆಯ ಕೋಲಾ ಬಾಟಲಿಗಳಿಗೆ ನಲ್ಲಿಯಿಂದ ನೀರು ತುಂಬಿ ಸಾಲಾಗಿ ಇಡುತ್ತಿದ್ದರು. ಹತ್ತುವವರು ಒಂದೊಂದು ಎತ್ತಿಕೊಂಡು ಹೋಗಿ ತಮ್ಮ ತಮ್ಮ ಸಸಿಗೆ ಹಾಕುವುದು. ಸರಿತಾ ಪಕ್ಕದಲ್ಲಿ ಹಾದು ಹೋಗುತ್ತಿದ್ದಾಗ ಅಜ್ಜ ಏನೂ ಕೇಳದೆ ಒಂದು ಬಾಟಲಿ ಕೈಗಿಟ್ಟರು. ಮೇಲೆ ಕಾಕೂ ಒಂದು ಹೊಂಗೆ ಸಸಿ ತೋರಿಸಿ "ಹೇ ತುಮಚಂ" ಎಂದರು, ಇದು ನಿಮ್ಮದು. ಸಸಿಯ ಸುತ್ತ ಕಲ್ಲು ಜೋಡಿಸಿದ ಪುಟ್ಟ ಕಟ್ಟೆ, ಮೇಯುವ ದನ ಬಾಯಿ ಹಾಕದಂತೆ ಜಾಲಿಮುಳ್ಳು, ಮುಳ್ಳಿಗೆ ಸಿಕ್ಕಿಸಿದ ಬಟ್ಟೆಯ ಗುರುತು. ನೀರು ಬುಡಕ್ಕೆ ಒಮ್ಮೆಗೇ ಸುರಿದರೆ ಇಳಿಜಾರಿನಲ್ಲಿ ಹರಿದು ಹೋಗುತ್ತದೆ. ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ ಬಾಟಲಿಯನ್ನು ತಲೆಕೆಳಗಾಗಿ ಊರಬೇಕು, ಹನಿ ಹನಿಯಾಗಿ ಇಳಿಯಬೇಕು ಎಂದು ಕಲಿಸಿದರು. ಮರುದಿನ ಸರಿತಾ ತಪ್ಪಾಗಿ ಊರಿದ್ದಕ್ಕೆ ಕಾಕೂ ಎಲ್ಲರೆದುರೇ ಬೈದರು. ಬೈಸಿಕೊಂಡದ್ದನ್ನು ಸರಿತಾ ನನಗೆ ಖುಷಿಯಿಂದ ಹೇಳಿದರು. ಪುಣೆಯಲ್ಲಿ ಅವರಿಗೆ ಯಾರೂ ಬೈದಿರಲಿಲ್ಲ.

ಅಲ್ಲಿಂದ ಮರಾಠಿಯೂ ಬಾಯಿಗೆ ಬಂತು. ತಪ್ಪು ತಪ್ಪಾಗಿ. ಲಿಂಗ, ವಿಭಕ್ತಿ ಎಲ್ಲ ಅಡ್ಡಾದಿಡ್ಡಿ. ಗುಂಪು ನಗುತ್ತಿತ್ತು, ತಿದ್ದುತ್ತಿತ್ತು.

ಇಷ್ಟಾದರೂ ಸರಿತಾ ಇವರನ್ನು ಗೆಳತಿಯರು ಎನ್ನಲು ಸಿದ್ಧರಿರಲಿಲ್ಲ. "ಅವರು ಒಳ್ಳೆ ಮಂದಿ, ಎಲ್ಲಾರ ಜೋಡಿ ಹಂಗ ಇರ್ತಾರ" ಎನ್ನುತ್ತಿದ್ದರು. ಮನುಷ್ಯರು ಹೊಸಬರೊಂದಿಗೆ ಮಾತಾಡಿ ಎದ್ದ ಮೇಲೆ, ತಾವು ಅವರಿಗೆ ಎಷ್ಟು ಹಿಡಿಸಿದೆವು ಎಂಬುದನ್ನು ನಿಜಕ್ಕಿಂತ ಕಡಿಮೆಯಾಗಿಯೇ ಅಂದಾಜು ಮಾಡುತ್ತಾರೆ. ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದು ಮತ್ತೆ ಮತ್ತೆ ಕಂಡಿದೆ. ಸರಿತಾಗೆ ಅದನ್ನು ಹೇಳಿದೆ. ನಂಬಲಿಲ್ಲ. ಹಾಗಾದರೆ ಒಂದು ಸಹಾಯ ಕೇಳಿ ನೋಡಿ ಎಂದೆ.

ಸಹಾಯ ಬೇಕಾದದ್ದು ಇತ್ತು. ಮನೆಯ ನೀರಿನ ಫಿಲ್ಟರು ಕೆಟ್ಟು ಎರಡು ತಿಂಗಳಾಗಿತ್ತು. ಮೆಕ್ಯಾನಿಕ್ ಬರುವುದು ವಾರದ ದಿನ ಹನ್ನೊಂದು ಗಂಟೆಗೆ, ಆಗ ಇವರು ಬ್ಯಾಂಕಿನಲ್ಲಿ. ಬಾಗಿಲು ತೆರೆಯುವವರಿಲ್ಲದೆ ಇಪ್ಪತ್ತು ಲೀಟರಿನ ಕ್ಯಾನು ತರಿಸಿ ಕುಡಿಯುತ್ತಿದ್ದರು. ಈ ಒಂದು ಕ್ಯಾನಿನಲ್ಲಿ ಅವರ ಪುಣೆಯ ಬದುಕು ಪೂರ್ತಿ ಇತ್ತು ಎನ್ನಬಹುದು. ಮನೆಯ ಕೀಲಿ ಕೊಟ್ಟು ಹೋಗಲು ಒಬ್ಬರಿರಲಿಲ್ಲ.

ಕೇಳಲು ಅವರಿಗೆ ಮೂರು ವಾರ ಹಿಡಿಯಿತು. ನಡುವೆ ಮಗಳ ಪರೀಕ್ಷೆ ಬಂತು. ಫೆಬ್ರವರಿ, ಮಾರ್ಚ್‌ನಲ್ಲಿ ಬಿಟ್ಟ ಶನಿವಾರವನ್ನೂ ಸೇರಿಸಿ ಊರಿಗೆ ಹೋದರು, ಪರೀಕ್ಷೆಯ ದಿನಗಳಿಗೆ ರಜೆ ಹಾಕಿದರು. ಅದು ಸರಿಯಾದ ನಿರ್ಧಾರ. ಹೊರಡುವ ಮುಂಚೆ ತಮ್ಮ ಹೊಂಗೆ ಗಿಡವನ್ನು ಯಾರಾದರೂ ನೋಡಿಕೊಳ್ಳಿ ಎಂದು ಗುಂಪಿನಲ್ಲಿ ಹೇಳಲೇಬೇಕಾಯಿತು. ಅದೇ ಮೊದಲ ಸಹಾಯ, ಗೊತ್ತಿಲ್ಲದೆ ಕೇಳಿದ್ದು. ವಾಪಸ್ಸು ಬಂದಾಗ ಗಿಡ ಹಸಿರಾಗಿತ್ತು. "ಪೇಪರ್ ಹೇಗಾಯಿತು ಹುಡುಗಿಗೆ? ಗಣಿತ?" ಎಂದು ಆರು ಜನ ಒಟ್ಟಿಗೆ ಕೇಳಿದರು. ಹಳದಿ-ಕುಂಕುಮದ ಮನೆಯಲ್ಲಿ ಕೇಳಿದ್ದೂ ಮಗಳ ಬಗ್ಗೆಯೇ. ಆದರೆ ಅಲ್ಲಿ ಕೇಳಿದ್ದು ತೂಗಿ ನೋಡಲು.

ಆ ವಾರವೇ ಕೀಲಿ ಕೇಳಿದರು. ಕಾಕೂ ಕೀಲಿ ತಗೊಂಡದ್ದಷ್ಟೇ ಅಲ್ಲ, ಮೆಕ್ಯಾನಿಕ್ಕಿನ ಹತ್ತಿರ ಮುನ್ನೂರು ರೂಪಾಯಿ ಚೌಕಾಸಿ ಮಾಡಿ, ಅಡುಗೆಮನೆಯ ಡಬ್ಬಿಗಳನ್ನು ನೋಡಿ, "ಒಬ್ಬಳೇ ಇದ್ದರೆ ಹೀಗೆ ಬಿಸ್ಕೀಟು ತಿಂದುಕೊಂಡು ಇರುವುದೇನು?" ಎಂದು ಸಂಜೆ ಫೋನು ಮಾಡಿ ಮತ್ತೆ ಬೈದರು. ಕೀಲಿ ವಾಪಸ್ಸು ಕೇಳಲಿಲ್ಲ ಇವರು. ಕೊಡಲಿಲ್ಲ ಅವರೂ. ಮುಂದಿನ ತಿಂಗಳು ಕಾಕೂಗೆ ಪಿಂಚಣಿ ಖಾತೆಯ ನಾಮಿನಿ ಬದಲಿಸಬೇಕಿತ್ತು. ಬೇರೆ ಬ್ಯಾಂಕು, ಆದರೂ ಸರಿತಾ ಜೊತೆಗೆ ಹೋಗಿ ಕೂತರು.

ಈಗ

ಜೂನ್‌ನಲ್ಲಿ ಪಂಢರಪುರದ ವಿಠ್ಠಲನ ಕಡೆ ಹೊರಟ ದೇಹೂ, ಆಳಂದಿಯ ಪಾಲಕಿಗಳು (ಸಂತರ ಪಲ್ಲಕ್ಕಿಗಳು) ಪುಣೆಗೆ ಬಂದಾಗ ಟೇಕಡಿಯ ಗುಂಪು ಸರಿತಾರನ್ನೂ ಕರೆದುಕೊಂಡು ದರ್ಶನಕ್ಕೆ ಹೋಯಿತು. ಪಾಲಕಿಯ ಜೊತೆ ನಡೆದು ಹೋಗುವ ವಾರಕರಿಗಳಿಗೆ ಚಹಾ ಹಂಚುವ ಸಾಲಿನಲ್ಲಿ ನಿಂತಿದ್ದಾಗ ಬಾಟಲಿ ಅಜ್ಜ, "ನಿಮ್ಮ ಕರ್ನಾಟಕದ ವಿಠ್ಠಲನನ್ನು ನಾವಿಟ್ಟುಕೊಂಡಿದ್ದೇವೆ, ಈಗ ನಿಮ್ಮನ್ನೂ" ಎಂದು ರೇಗಿಸಿದರಂತೆ. ಆ ಗುಂಪಿನಲ್ಲಿ ಎಲ್ಲರೂ ಗೆಳೆಯರಾಗಿಲ್ಲ. ಕಾಕೂ ಆಪ್ತರು. ಇನ್ನೊಬ್ಬರು, ಟೇಲರ್ ಅಂಗಡಿ ಇಟ್ಟಿರುವ ಐವತ್ತರ ಆಸುಪಾಸಿನವರು, ಭಾನುವಾರ ಮಂಡೈಗೆ ತರಕಾರಿಗೆ ಜೊತೆ. ಉಳಿದವರು ಬಂಡೆಯ ಮೇಲಿನ ಸ್ನೇಹಿತರು, ಅಲ್ಲಿಗೇ ಸರಿ. ಧಾರವಾಡದ ಆ ಹೆಂಗಸು ಈಗಲೂ ಲಿಫ್ಟಿನಲ್ಲಿ "ಬರ್ರೀ ಒಮ್ಮೆ" ಎನ್ನುತ್ತಾರೆ. ಸರಿತಾ ನಗುತ್ತಾರೆ, ಬೇಸರವಿಲ್ಲ.

ನಾಲ್ಕನೇ ಶನಿವಾರದ ಜಗಳ ಪೂರ್ತಿ ತೀರಿಲ್ಲ. ಮಗಳು ಪಿಯುಸಿಗೆ ಸೇರಿದ ಮೇಲೆ ಗಂಡ ಮತ್ತೆ ಆ ಮಾತು ಎತ್ತಿದ್ದಾರೆ. ಈ ಸಲ ಸರಿತಾ ಹೇಳಿದ್ದು, ನಾಲ್ಕನೇ ಶನಿವಾರ ನೀವಿಬ್ಬರೂ ಪುಣೆಗೆ ಬನ್ನಿ ಎಂದು. ಒಮ್ಮೆ ಬಂದರು. ಗಂಡ ಟೇಕಡಿ ಹತ್ತಿ ದಣಿದು ಬಂಡೆಯ ಮೇಲೆ ಕೂತು, ಅಜ್ಜನ ಜೊತೆ ಹಿಂದಿಯಲ್ಲಿ ಪಿಂಚಣಿಯ ಬಗ್ಗೆ ಒಂದು ಗಂಟೆ ಮಾತಾಡಿದರು. ಮತ್ತೆ ಬರುತ್ತಾರೋ ಇಲ್ಲವೋ ನೋಡಬೇಕು.

ಈ ಪ್ರಕರಣವನ್ನು ಎಲ್ಲರಿಗೂ ಅಳತೆಪಟ್ಟಿ ಮಾಡಲಾಗದು. ಸರಿತಾಗೆ ಅಡುಗೆಯವರಿಗೆ ಕೊಡುವಷ್ಟು ಸಂಬಳವಿತ್ತು, ಬೆಳಿಗ್ಗೆ ಆರೂಕಾಲಕ್ಕೆ ಹೆಂಗಸು ಒಬ್ಬಳೇ ಹತ್ತಬಹುದಾದ, ಜನರಿರುವ ಗುಡ್ಡವಿತ್ತು, ಹಗಲಿನ ಕೆಲಸವಿತ್ತು. ಇದೇ ಪುಣೆಯ ಹಿಂಜವಡಿಯಲ್ಲಿ ರಾತ್ರಿ ಪಾಳಿ ಮಾಡುವ ಕಲಬುರಗಿಯ ಹುಡುಗನೊಬ್ಬ ಈಗ ನನ್ನ ಬಳಿ ಬರುತ್ತಿದ್ದಾನೆ. ಅವನು ಏಳುವ ಹೊತ್ತಿಗೆ ಟೇಕಡಿ ಖಾಲಿ, ಪಾಳಿ ತಿಂಗಳಿಗೊಮ್ಮೆ ಬದಲು. ಒಂದೇ ಹೊತ್ತು, ಒಂದೇ ಜಾಗ ಎಂಬುದೇ ಅವನಿಗೆ ಕೈಗೆ ಸಿಗದ್ದು. ಸದ್ಯಕ್ಕೆ ಪಾಳಿ ಮುಗಿಸಿ ಬರುವಾಗ ಬೆಳಿಗ್ಗೆ ಪೋಹೆ ತಿನ್ನುವ ಗಾಡಿ ಒಂದನ್ನೇ ಹಿಡಿ, ದಿನಕ್ಕೊಂದು ಗಾಡಿ ಬದಲಿಸಬೇಡ ಎಂದಿದ್ದೇನೆ. ಗಾಡಿಯವನು ಅವನಿಗೆ ಮೆಣಸಿನಕಾಯಿ ಜಾಸ್ತಿ ಬೇಕೆಂದು ಕೇಳದೆಯೇ ಹಾಕಲು ಶುರು ಮಾಡಿದ್ದಾನಂತೆ. ಪಾಳಿ ಬದಲಿಸದಂತೆ ಮೂರು ತಿಂಗಳು ಕೇಳಿಕೊಳ್ಳಬಹುದೇ ಎಂದು ಅವನ ಟೀಮ್ ಲೀಡರ್‌ಗೆ ಪತ್ರ ಬರೆಸಿದ್ದೇವೆ. ಉತ್ತರ ಬಂದಿಲ್ಲ.